ಮಗಳ ಬೆನ್ನಿನ ಮೇಲೆ ನಾನು ಹೊರಿಸಿದ ಹರಕೆ

ಶನಿವಾರ ಬೆಳಿಗ್ಗೆ. ಎದುರಿಗೆ ಗುಡ್ಡೆ ಮೆಣಸಿನಕಾಯಿ. ವರ್ಷದ ಖಾರದ ಪುಡಿಗೆ ತೊಟ್ಟು ಬಿಡಿಸುತ್ತ ಕೂತಿದ್ದೆ. ಫೋನು ಹೊಡೆದುಕೊಂಡಿತು. ಕೈಯೆಲ್ಲ ಖಾರ. ಮೊಣಕೈಯಿಂದಲೇ ಒತ್ತಿ ಸ್ಪೀಕರಿಗೆ ಹಾಕಿದೆ. (ಬ್ಯಾಡಗಿಯ ಹೆಂಗಸರಿಗೆ ಈ ವಿದ್ಯೆ ಯಾರೂ ಕಲಿಸಬೇಕಿಲ್ಲ.)

ಮಗಳ ಕೋಚ್. ಹಾವೇರಿಯಿಂದ. ದನಿ ಕಾದ ಹಂಚಿನ ಹಾಗಿತ್ತು.

“ಅಮ್ಮಾರ, ನೀವಾದ್ರೂ ಆಕಿಗೆ ಬುದ್ಧಿ ಹೇಳ್ರಿ! ಒಂದ ಲಿಫ್ಟ್ ಉಳದಿತ್ತು. ಎತ್ತಿದ್ರ ಮೂರನೇ ನಂಬರಿನ ಮೆಡಲ್ ಗ್ಯಾರಂಟಿ. ಒಲ್ಲೆ ಅಂತ ಬೆಲ್ಟ್ ಬಿಚ್ಚಿ ಕುಂತಳ್ರಿ!”

“ಆಕಿ ಸೊಂಟ ಹೆಂಗೈತ್ರಿ ಸರ್?”

“ಸೊಂಟಕ್ಕೇನಾಗೇತ್ರಿ? ಆರಾಮ ಕುಂತು ಬಾಳಿಹಣ್ಣ ತಿನ್ನಾಕತ್ತಾಳ!”

ಖಾರದ ಕೈ ಮರೆತು ಹಾಗೇ ಮುಗಿದುಬಿಟ್ಟೆ. ಹನುಮಪ್ಪಾ, ನೀನು ದೊಡ್ಡವನು.

ಮಗಳು ಮೆಡಲ್ ಬಿಟ್ಟುಕೊಟ್ಟರೆ ತಾಯಿ ಹೀಗೆ ದೇವರಿಗೆ ಕೈ ಮುಗಿಯುವುದುಂಟೇ? ಹೇಳುತ್ತೇನೆ, ತಾಳಿ.

ನನ್ನ ಮಗಳು ಅಕ್ಷತಾ ಪವರ್‌ಲಿಫ್ಟರ್. ಮೂರು ಬಗೆಯಲ್ಲಿ ಭಾರ ಎತ್ತಬೇಕು, ಒಂದೊಂದಕ್ಕೂ ಮೂರು ಅವಕಾಶ. ಕಾಲೇಜಿಗೂ ರಾಣೆಬೆನ್ನೂರು, ಜಿಮ್ಮಿಗೂ ರಾಣೆಬೆನ್ನೂರು. ಬೆಳಿಗ್ಗೆ ಐದಕ್ಕೆ ಎದ್ದು ಬಸ್ಸು ಹಿಡಿದರೆ ಮನೆ ಸೇರುವುದು ದೀಪ ಹಚ್ಚಿದ ಮೇಲೆ. ತಟ್ಟೆಯ ಮುಂದೆ ಕೂತಲ್ಲೇ ತೂಕಡಿಸುತ್ತಿದ್ದಳು. ನಾನು ಅದನ್ನು ಶ್ರದ್ಧೆ ಎಂದುಕೊಂಡೆ. ದಣಿವು ಎಂಬ ಮಾತು ನನ್ನ ಬಾಯಿಗೇ ಬರಲಿಲ್ಲ.

ಹೋದ ವರ್ಷ ರಾಜ್ಯ ಮಟ್ಟಕ್ಕೆ ಹೋದಳು. ನಾನು ಓಣಿಯ ಹನುಮಪ್ಪನಿಗೆ ಹರಕೆ ಹೊತ್ತೆ. ಮೆಡಲ್ ಬಂದರೆ ಮಗಳ ಕೈಯಿಂದ ಮನೆಯಿಂದ ಗುಡಿಯ ತನಕ ದೀಡ ನಮಸ್ಕಾರ ಹಾಕಿಸುತ್ತೇನೆ ಅಂತ. ಗೊತ್ತಲ್ಲ? ನೆಲಕ್ಕೆ ಉದ್ದಕ್ಕೆ ಮಲಗುವುದು, ಏಳುವುದು, ಕೈ ಮುಟ್ಟಿದಲ್ಲಿ ನಿಂತು ಮತ್ತೆ ಮಲಗುವುದು.

ಬೆಳ್ಳಿ ಬಂತು. ಆ ಶನಿವಾರ ನಸುಕಿನಲ್ಲೇ ತಲೆಗೆ ನೀರು ಹಾಕಿಸಿದೆ.

“ಅವ್ವಾ, ಸೊಂಟ ಹಿಡದೈತಿ. ಮುಂದಿನ ಶನಿವಾರ ಹಾಕ್ತೇನಿ.”

“ದೇವರ ಕೆಲಸ ಮುಂದ ಹಾಕಬಾರದವ್ವಾ. ಅಂವನ ಆರಾಮ ಮಾಡ್ತಾನ.”

ಹಾಕಿದಳು. ಗುಡಿ ಮುಟ್ಟುವ ಹೊತ್ತಿಗೆ ಮುಖ ಬಿಳಿಚಿತ್ತು. ನಾನು ಅದಕ್ಕೂ ಭಕ್ತಿ ಅಂತಲೇ ಹೆಸರಿಟ್ಟೆ. ಮೂರನೆಯ ದಿನ ಜಿಮ್ಮಿನಲ್ಲಿ ಬಾರ್ ಎತ್ತಲು ಬಗ್ಗಿದವಳು ನೆಟ್ಟಗಾಗಲಿಲ್ಲ. ಇಬ್ಬರು ಹಿಡಿದು ಕಾರಿನಲ್ಲಿ ಮಲಗಿಸಿ ತಂದರು.

ಡಾಕ್ಟರು ಎಕ್ಸ್‌ರೇ ಫೋಟೋ ನೋಡಿ, “ಇದು ಒಂದ ದಿನದ್ದಲ್ರಿ. ಭಾಳ ದಿನದಿಂದ ದಣದ ಬೆನ್ನು. ಯಾರೂ ಕೇಳಿಲ್ಲ, ಅಷ್ಟ,” ಎಂದರು. ನನ್ನ ತಪ್ಪೊಂದೇ ಅಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಅವಳು ಬಾಯಿ ಬಿಟ್ಟು ಹೇಳಿದ್ದು ನನಗೊಬ್ಬಳಿಗೇ ಅಲ್ಲವೇ?

ನೋವು ನಾಲ್ಕು ತಿಂಗಳಲ್ಲಿ ಇಳಿಯಿತು. ಆದರೂ ಹುಡುಗಿ ಜಿಮ್ಮಿನ ಹೆಸರೆತ್ತಲಿಲ್ಲ. ಭಾರ ಎತ್ತುವಾಗ ಸೊಂಟಕ್ಕೆ ಬಿಗಿಯುವ ಬೆಲ್ಟು ಟ್ರಂಕಿನ ತಳ ಸೇರಿತ್ತು. ಒಂದು ದಿನ ಅವಲಕ್ಕಿ ಮುಂದಿಟ್ಟು ಮೆಲ್ಲಗೆ ಕೇಳಿದೆ.

“ಬೆಲ್ಟ್ ಕಂಡ್ರ ಬ್ಯಾಡ ಅನ್ನಸ್ತೈತವ್ವಾ. ಬಾರ್ ಮ್ಯಾಲ ಬರೇ ಪ್ಲೇಟ್ ಇರಲಿಲ್ಲ. ಸರ್ ಕುಂತಿದ್ರು, ಕಾಲೇಜ್ ಕುಂತಿತ್ತು, ನೀ ನಿನ್ನ ಹನುಮಪ್ಪನ್ನ ಕರಕೊಂಡು ಕುಂತಿದ್ದಿ. ಎಷ್ಟ ಮಂದಿನ್ನ ಎತ್ತಲಿ?”



ಸಂಜೆ ಗುಡಿಗೆ ಹೋಗಿ ಪೂಜಾರಿಯ ಮುಂದೆ ಎಲ್ಲ ಹೇಳಿದೆ. ತಪ್ಪು ಕಾಣಿಕೆ ಏನು ಕೊಡಲಿ ಎಂದೆ. ಅವರು ಎಣ್ಣೆ ಹಾಕುತ್ತ ಹಾಕುತ್ತಲೇ, “ಹನುಮಪ್ಪ ಕೇಳಿದ್ನೇನ್ರಿ ಅಕ್ಕಾರ? ಹರಕಿ ಹೊರೋದಿದ್ರ ನಿಮ್ಮ ಮೈಯಿಂದ ತೀರಸೂದು ಹೊರ್ರಿ. ಇನ್ನೊಬ್ಬರ ಬೆನ್ನ ಯಾಕ ಬರದು ಕೊಡ್ತೀರಿ?” ಎಂದರು.

ಈ ಅಂಕಣ ಓದುವವರಲ್ಲಿ ಅರ್ಧ ಜನ ನನ್ನಂಥವರೇ. ನಿಜ ಹೇಳಿ, ಮಕ್ಕಳ ಹೆಸರಿನಲ್ಲಿ ಹೊತ್ತ ಹರಕೆ ಎಷ್ಟು? ಅವರನ್ನು ಕೇಳಿ ಹೊತ್ತದ್ದೆಷ್ಟು?

ಅಂದಿನಿಂದ ದೊಡ್ಡದೇನೂ ಬೇಡಲಿಲ್ಲ. ಕೊಟ್ಟದ್ದನ್ನು ಎಣಿಸತೊಡಗಿದೆ. ಒಂದು ದಿನ ಮಗಳು ಜೋರಾಗಿ ಸೀನಿದಳು, ಸೊಂಟ ಹಿಡಿದುಕೊಳ್ಳಲಿಲ್ಲ. ಒಂದು ತುಪ್ಪದ ದೀಪ. ಇನ್ನೊಂದು ದಿನ ಬಗ್ಗಿ ತಾನೇ ಚಪ್ಪಲಿ ಪಟ್ಟಿ ಹಾಕಿಕೊಂಡಳು. ಇನ್ನೊಂದು ದೀಪ. ಆಮೇಲೊಂದು ಬೆಳಿಗ್ಗೆ ನೋಡುತ್ತೇನೆ, ಟ್ರಂಕು ತೆರೆದಿದೆ, ಬೆಲ್ಟು ಹಿತ್ತಲ ತಂತಿಯ ಮೇಲೆ ಬಿಸಿಲು ಕಾಯುತ್ತಿದೆ. ನಾನು ತುಟಿ ಬಿಚ್ಚಲಿಲ್ಲ. (ಎಷ್ಟು ಕಷ್ಟಪಟ್ಟೆ ಎಂದು ನಮ್ಮ ಮನೆಯವರನ್ನು ಕೇಳಿ.) ಅವಳು ಬರೀ ಬಾರ್‌ನಿಂದ ಶುರು ಮಾಡಿದಳು. ವಾರಕ್ಕೆ ಮೂರೇ ದಿನ. ಅವಳೇ ಹಾಕಿಕೊಂಡ ಲೆಕ್ಕ.

ಮೊನ್ನೆ ಶನಿವಾರದ್ದು ಹಾವೇರಿಯಲ್ಲಿ ಅವಳು ಮರಳಿದ ಮೇಲಿನ ಮೊದಲ ಸ್ಪರ್ಧೆ. ನಾನೂ ಬರುತ್ತೇನೆಂದೆ.

“ನೀ ಬ್ಯಾಡ. ಕಣ್ಣ ಮುಚ್ಚಿ ವಟಾವಟಾ ಜಪ ಮಾಡ್ತಿ, ನೋಡಿ ನನಗ ಅಂಜಿಕಿ ಬರ್ತೈತಿ.”

ಹಾಗಾಗಿ ನಾನು, ನನ್ನ ಮೆಣಸಿನಕಾಯಿ.

ಕೋಚ್ ಬೈದು ಮುಗಿಸಿ ಫೋನು ಅವಳ ಕೈಗೆ ಕೊಟ್ಟರು. ಬಾಯಲ್ಲಿ ಇನ್ನೂ ಬಾಳೆಹಣ್ಣು.

“ಕಡೀ ಬಗಿಯೊಳಗ ಎರಡು ಚಲೋ ಎತ್ತಿದೆವ್ವಾ. ಆಮ್ಯಾಲ ಸೊಂಟ ಬಿಗಿ ಅನ್ನಿಸ್ತು. ಸಾಕು ಅಂದೆ. ನಾಳಿ ರೆಸ್ಟ್, ಸೋಮವಾರ ಮತ್ತ ಹೊಕ್ಕೇನಿ. ಸಿಟ್ಟ ಬಂತೇನ?”

ಸೋಮವಾರ ಮತ್ತೆ ಹೋಗುತ್ತಾಳಂತೆ! ತಾನಾಗಿಯೇ! ಸಿಟ್ಟು ಎಲ್ಲಿಂದ ಬರಬೇಕು? ಒಂದು ವರ್ಷದ ಹಿಂದೆ ಈ ‘ಸಾಕು’ ಅವಳ ಬಾಯಿಗೆ ಬಂದಿತ್ತು. ನಾನೇ ನುಂಗಿಸಿದ್ದೆ.

ಪಕ್ಕದ ಮನೆ ಗಿರಿಜಕ್ಕ ಗೋಡೆಯ ಆಚೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು.

“ಎಷ್ಟನೇದು ಬಂದ್ಳಬೇ?”

“ನಾಕನೇದು.”

“ನಾಕನೇದಕ್ಕ ಏನ ಕೊಡ್ತಾರ?”

“ಅವರೇನೂ ಕೊಡಂಗಿಲ್ಲ. ನಾ ಹೋಳಿಗಿ ಕೊಡ್ತೇನಿ.”

“ಏ, ಬೆಳ್ಳಿ ತಂದಾಗ ಬರೇ ಸಕ್ಕರಿ ಹಂಚಿದಿ!”

ಹೌದು, ಆಗ ಸಕ್ಕರೆಯೇ ಹಂಚಿದ್ದೆ. ಕೈಗೆ ಎಣ್ಣೆ ಸವರಿ ಖಾರ ತೊಳೆದುಕೊಂಡು ಕಡಲೆಬೇಳೆ ಕುದಿಯಲು ಇಟ್ಟೆ. ಪೂಜಾರಿ ಹೇಳಿದ ಮೇಲೆ ನಾನೇ ಹೊತ್ತ ಹರಕೆ, ಶನಿವಾರ ನನಗೆ ಒಪ್ಪತ್ತು; ರಾತ್ರಿ ನಾನು ಹೋಳಿಗೆ ಮುಟ್ಟುವಂತಿಲ್ಲ. ಇರಲಿ, ಈ ಸಲ ಹರಕೆಯೂ ನನ್ನದೇ, ಹೊಟ್ಟೆಯೂ ನನ್ನದೇ.