ಉಪ್ಪು ಬೆರೆತ ಹುಣಸೆ ಮೂಟೆ

ಶಿವರಾತ್ರಿ ಕಳೆದರೆ ನಮ್ಮ ಮನೆಯಲ್ಲಿ ಯಾರ ಕೈಗೂ ಬಿಡುವಿರುವುದಿಲ್ಲ. ರಾಗಿ ಹೊಲದ ಬದುವಿನಲ್ಲಿ ನಾಲ್ಕು ಹುಣಸೆ ಮರಗಳಿವೆ. ಗಂಡಸರು ಮರ ಹತ್ತಿ ಕೊಂಬೆ ಅಲುಗಿಸುತ್ತಾರೆ, ಕೆಳಗೆ ನಾವು ಹೆಂಗಸರು ಆರಿಸುತ್ತೇವೆ. ಅಲ್ಲಿಂದ ಯುಗಾದಿಯವರೆಗೆ ಜಗಲಿ ತುಂಬ ಹಣ್ಣು. ಸಿಪ್ಪೆ ಬಿಡಿಸು, ನಾರು ಎಳೆ, ಕಲ್ಲಿನ ಮೇಲಿಟ್ಟು ಸುತ್ತಿಗೆಯಲ್ಲಿ ಕುಟ್ಟಿ ಬೀಜ ತೆಗೆ. ಕೊತ್ತಗೆರೆ ಕಡೆಯ ಈ ಮನೆಗೆ ಸೊಸೆಯಾಗಿ ಬಂದ ಮೊದಲ ವರ್ಷ ನಾನು ಬೀಜಕ್ಕಿಂತ ಹೆಚ್ಚಾಗಿ ಹೆಬ್ಬೆರಳನ್ನೇ ಕುಟ್ಟಿಕೊಂಡೆ.

ನಮ್ಮತ್ತೆಯ ಕೈಯ ಮಾತೇ ಬೇರೆ. ಒಂದೇ ಏಟು, ಬೀಜ ಆಚೆ. ತುಮಕೂರಿನ ಮಂಡಿಯವರು ಅವರ ಮೂಟೆಗಳನ್ನು ಬಿಚ್ಚಿ ನೋಡುತ್ತಲೇ ಇರಲಿಲ್ಲ. "ಅಮ್ಮನ ಮೂಟೇಲಿ ನೋಡೋದೇನು, ಆ ಕಡೆ ಇಡ್ರೋ" ಅನ್ನುತ್ತಿದ್ದರಂತೆ. ಅತ್ತೆ ಇದನ್ನು ಬಂದವರಿಗೆಲ್ಲ ಹೇಳುತ್ತಿದ್ದರು. ನನಗಂತೂ ಕೇಳಿ ಕೇಳಿ ಕಿವಿ ತೂತು ಬಿದ್ದಿತ್ತು.

ಎರಡನೆಯ ವರ್ಷ, ಇನ್ನೊಂದು ಮೂಟೆಯ ಕೆಲಸ ಬಾಕಿ ಇರುವಾಗ, ಅತ್ತೆ ಹುತ್ರಿದುರ್ಗದ ತಂಗಿ ಮನೆಗೆ ನಾಮಕರಣಕ್ಕೆ ಹೋದರು. ಅವರು ಬರುವಷ್ಟರಲ್ಲಿ ಮುಗಿಸಿ ಶಹಬ್ಬಾಸ್ ಅನ್ನಿಸಿಕೊಳ್ಳಬೇಕೆಂದು ನಾನು ಹಟ ಹಿಡಿದು ಕೂತೆ. ನನ್ನ ತವರು ಗುಬ್ಬಿ ಕಡೆ. ಅಲ್ಲಿ ನಮಗೆ ಮಾರುವುದಕ್ಕೆ ತೆಂಗು. ಹುಣಸೆ ಏನಿದ್ದರೂ ಮನೆಯ ಸಾರಿಗೆ. ಬೀಜ ತೆಗೆದ ಹಣ್ಣಿಗೆ ಹುಳ ಬೀಳದ ಹಾಗೆ ಕಲ್ಲುಪ್ಪು ಬೆರೆಸಿ ಜಾಡಿಗೆ ತುಂಬುವುದನ್ನು ಅಮ್ಮ ಕಲಿಸಿದ್ದಳು. ಅದನ್ನೇ ಇಲ್ಲೂ ಮಾಡಿದೆ, ಅದೂ ಧಾರಾಳವಾಗಿ. ಮೂಟೆಯ ಬಾಯಿ ಹೊಲಿದು ಉಳಿದವುಗಳ ಜೊತೆ ನಿಲ್ಲಿಸಿದೆ. ಅತ್ತೆ ಬಂದು ನೋಡಿ, "ಪರ್ವಾಗಿಲ್ವೇ!" ಅಂದರು. ಆ ದಿನವೆಲ್ಲ ನಾನು ನೆಲದ ಮೇಲೆ ನಡೆಯಲಿಲ್ಲ.

ಮಂಡಿಗೆ ಇಬ್ಬರೂ ಹೋದೆವು. ಲಗೇಜ್ ಆಟೋದಿಂದ ಮೂಟೆ ಇಳಿಸಿದ ಹಮಾಲಿ, "ಇದ್ರ ತಳ ಒದ್ದೆ ಐತೆ" ಅಂದ. ಮಂಡಿಯವರು ಹೊಲಿಗೆ ಬಿಚ್ಚಿಸಿ, ಒಂದು ಚೂರು ಹಣ್ಣನ್ನು ನಾಲಿಗೆಗೆ ಇಟ್ಟುಕೊಂಡು ನೋಡಿದರು.

"ಏನಮ್ಮಾ, ತೂಕ ಬರ್ಲಿ ಅಂತ ಉಪ್ಪು ಹಾಕೋದು ನೀವೂ ಕಲ್ತ್ರಾ?"

ಅತ್ತೆ ನನ್ನ ಕಡೆ ತಿರುಗಿದರು. ನನ್ನ ಮುಖ ನೋಡಿದ್ದೇ ತಡ, ಅವರಿಗೆ ಎಲ್ಲ ತಿಳಿದುಹೋಯಿತು.

"ನಾನೇ ಕಣಪ್ಪ ಹಾಕಿದ್ದು. ಮನೆಗಿಟ್ಕೊಳೋ ಮೂಟೆ. ವಯಸ್ಸಾಯ್ತಲ್ಲ, ಮರ್ತು ತಂದ್ಬುಟ್ಟೆ" ಅಂದರು.

ಮಂಡಿಯವರು ಆಗಲಿ ಅಂದರು. ಅಂದರೂ ಉಳಿದ ಮೂಟೆಗಳನ್ನು ಒಂದೊಂದಾಗಿ ಬಿಚ್ಚಿಸಿ, ಒಂದೊಂದರ ರುಚಿಯನ್ನೂ ನೋಡಿದರು. ಅಷ್ಟು ಹೊತ್ತೂ ಅತ್ತೆ ರಸ್ತೆ ಕಡೆ ಮುಖ ಮಾಡಿ ನಿಂತಿದ್ದರು.

ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಅವರು ಬೈಯಲೇ ಇಲ್ಲ. ಬಸ್ಸಿನಲ್ಲಿ "ಹಸಿವಾಯ್ತಾ?" ಎಂದು ಕೇಳಿ ಬಾಳೆಹಣ್ಣು ಕೊಟ್ಟರು. ಉಪ್ಪಿನ ಮೂಟೆ ವಾಪಸ್ಸು ಬಂತು, ಎರಡು ವರ್ಷ ಅದರದೇ ಸಾರು ಉಂಡೆವು. ಮಂಡಿಯ ಆ ಹಳೆಯ ಮಾತನ್ನು ಅತ್ತೆ ಮತ್ತೆ ಯಾರಿಗೂ ಹೇಳಲಿಲ್ಲ. ಪ್ರತಿ ವರ್ಷ ಮಂಡಿಯವರು ಮೂಟೆ ಬಿಚ್ಚುವುದು, ನಾಲಿಗೆಗೆ ಇಟ್ಟು ನೋಡುವುದು, ಅತ್ತೆ ರಸ್ತೆ ಕಡೆ ತಿರುಗುವುದು.

ಈ ವರ್ಷ ನನ್ನಿಂದ ತಡೆಯಲಾಗಲಿಲ್ಲ. ಮಂಡಿಯವರು ಮೂಟೆಯ ದಾರಕ್ಕೆ ಕೈ ಹಾಕಿದ್ದೇ, ಅಷ್ಟೂ ಜನರ ಮುಂದೆ ಹೇಳಿಬಿಟ್ಟೆ:

"ಅಣ್ಣಾ, ಅವತ್ತು ಉಪ್ಪು ಹಾಕಿದ್ದು ನಾನು. ಅತ್ತೆಗೆ ಗೊತ್ತೇ ಇರ್ಲಿಲ್ಲ."

ಅವರು ನನ್ನನ್ನು ನೋಡಿದರು, ಅತ್ತೆಯನ್ನು ನೋಡಿದರು. ದಾರ ಬಿಟ್ಟು ಹಮಾಲಿಯನ್ನು ಕೂಗಿದರು. "ಅಮ್ಮನ ಮೂಟೆ ಆ ಕಡೆ ಇಡೋ."

ಅತ್ತೆ ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಬಸ್ಸು ಹತ್ತಿದ್ದೇ ಶುರು ಮಾಡಿದರು.

"ನಿನ್ ಮಾನ ಕಳ್ಯೋ ಹಂಗಿದ್ರೆ ಅವತ್ತೇ ಕಳೀತಿರ್ಲಿಲ್ವೇನೇ ನಾನು? ಇಷ್ಟ್ ವರ್ಷ ಬಾಯ್ ಮುಚ್ಕೊಂಡಿದ್ದದ್ದೆಲ್ಲ ದಂಡ ಮಾಡ್ಬುಟ್ಟೆ. ಬುದ್ಧಿ ಐತಾ ನಿಂಗೆ?"

ಕುಣಿಗಲ್ ಬರುವವರೆಗೂ ಬೈದರು. ನಾನು ಇಷ್ಟು ವರ್ಷ ಕಾದಿದ್ದು ಆ ಬೈಗುಳಕ್ಕೇ. ಒಂದು ಮಾತೂ ಎದುರಾಡದೆ ಪೂರ್ತಿ ಕೇಳಿಸಿಕೊಂಡೆ.