ಕಿವಿ ಕೇಳದ ನಾಯಿಗೆ ಕುಣಿತ ಕಲಿಸಿದ್ದು

ಸಿದ್ಧಾರ್ಥನಗರದ ನಮ್ಮ ಮನೆಗೆ ತಂದ ಬಿಳಿ ನಾಯಿಮರಿಗೆ ಕಿವಿ ಕೇಳಿಸುವುದಿಲ್ಲ ಎಂದು ಮೊದಲು ಕಂಡುಹಿಡಿದವಳು ಅಮ್ಮ. ತೊಂಬತ್ತರ ದಶಕದ ಕೊನೆ. ನಾನು ಬಿಎಸ್ಸಿ ಎರಡನೇ ವರ್ಷದಲ್ಲಿದ್ದೆ. ಅಡುಗೆಮನೆಯಲ್ಲಿ ಸ್ಟೀಲ್ ಪಾತ್ರೆ ಜಾರಿ ಬಿದ್ದು ಮನೆಯೆಲ್ಲ ಠಣಠಣ ಎಂದರೂ ಬಾಗಿಲ ಬಳಿ ಮಲಗಿದ್ದ ಮರಿ ಕಣ್ಣೇ ಬಿಡಲಿಲ್ಲ.

"ಇದಕ್ಕೆ ಕಿವಿ ಕೇಳ್ಸಲ್ಲ ಕಣೇ," ಎಂದಳು ಅಮ್ಮ. ಕರೆದಾಗ ಬರಲಿಲ್ಲವೆಂದು ಎಷ್ಟು ಸಲ ಗದರಿಸಿದ್ದೆ! ನನಗೆ ಅಳುವೇ ಬಂತು.

ಅಷ್ಟು ಹೊತ್ತಿಗೆ ನಾನೊಂದು ಜಂಬ ಕೊಚ್ಚಿಕೊಂಡಿದ್ದೆ. ಹೊರದೇಶದ ಹೆಂಗಸೊಬ್ಬಳು ತನ್ನ ನಾಯಿಯ ಜೊತೆ ಕುಣಿಯುವುದನ್ನು ಟೀವಿಯಲ್ಲಿ ನೋಡಿ, ನಾನೂ ಕಲಿಸುತ್ತೇನೆಂದು ಗೆಳತಿಯರಿಗೆಲ್ಲ ಹೇಳಿದ್ದೆ. ಅಪ್ಪ ಪೇಪರ್ ಮಡಿಸಿಟ್ಟು ನಕ್ಕರು. "ಹಾಡೇ ಕೇಳ್ಸದ ನಾಯಿಗೆ ಡ್ಯಾನ್ಸಾ? ಬುಡು ಅತ್ಲಾಗೆ."

ಬಿಡಬೇಕೆಂದೇ ಇದ್ದೆ, ಅಮ್ಮ ಬಿಡಲಿಲ್ಲ. ಮದುವೆಗೆ ಮುಂಚೆ ಅವಳು ಏಳು ವರ್ಷ ಭರತನಾಟ್ಯ ಕಲಿತಿದ್ದಳು. ಆಮೇಲೆ ಗೆಜ್ಜೆ ಕಟ್ಟಿದ್ದನ್ನು ನಾನು ನೋಡಿರಲಿಲ್ಲ. ಆ ಮಧ್ಯಾಹ್ನ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಾರಸಿಗೆ ಬಂದಳು. "ಕಿವಿ ಇಲ್ದಿದ್ರೇನು, ಕಣ್ಣಿದೆಯಲ್ಲ. ನಿನ್ ಕೈ ನೋಡ್ಲಿ."

ಅಂಗೈ ಚಾಚಿದರೆ ನಿಲ್ಲಬೇಕು, ಮುಷ್ಟಿ ತಿರುಗಿಸಿದರೆ ಸುತ್ತಬೇಕು, ಎರಡೂ ಕೈ ಮೇಲೆತ್ತಿದರೆ ಹಿಂಗಾಲಿನ ಮೇಲೆ ಏಳಬೇಕು. ಸರಿ ಮಾಡಿದಾಗಲೆಲ್ಲ ಒಂದು ಚೂರು ರಸ್ಕ್. ಸುತ್ತುವುದನ್ನು ಎರಡೇ ದಿನದಲ್ಲಿ ಕಲಿಯಿತು. ನಡೆಯುವಾಗ ನನ್ನ ಕಾಲುಗಳ ನಡುವೆ ನುಸುಳಿ ಬರುವುದಕ್ಕೆ ಮಾತ್ರ ತಿಂಗಳು ಹಿಡಿಯಿತು. ನಡುವೆ ಬಂದು ಅಲ್ಲೇ ಕೂತುಬಿಡುತ್ತಿತ್ತು, ನಾನು ಮುಗ್ಗರಿಸುತ್ತಿದ್ದೆ. ಅಮ್ಮನ ಬೈಗುಳವೆಲ್ಲ ನನಗೇ. "ನೀನು ಕೈ ಸರಿಯಾಗಿ ತೋರ್ಸಿದ್ರೆ ತಾನೇ? ಅದೇನ್ ಮಾಡುತ್ತೆ ಪಾಪ!"

ಬಡಾವಣೆಯ ಪಾರ್ಕಿನ ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ನನ್ನದೂ ನಾಯಿಯದೂ ಹೆಸರು ಕೊಟ್ಟೆ. ಕ್ಯಾಸೆಟ್ಟಿನಲ್ಲಿ ಒಂದು ಜನಪದ ಗೀತೆ. ಸ್ಟೇಜಿನ ಮೇಲೆ ನಾಯಿ ಎಷ್ಟು ಚೆನ್ನಾಗಿ ಸುತ್ತಿತೆಂದರೆ, ಎದುರಿಗೆ ಕೂತ ಮಕ್ಕಳು ಎದ್ದು ನಿಂತರು. ಅರ್ಧ ಹಾಡು ಆಗಿತ್ತು. ಟೇಪು ಸಿಕ್ಕಿಹಾಕಿಕೊಂಡು ಹಾಡು ಕುಂಯ್ ಎಂದು ನಿಂತಿತು. ನಾನೂ ನಿಂತೆ. ನಾಯಿಗೆ ಮಾತ್ರ ಏನೂ ಆಗಿರಲಿಲ್ಲ. ನಾಲಗೆ ಚಾಚಿಕೊಂಡು, ಮುಂದೇನು ಎನ್ನುವಂತೆ ನನ್ನ ಕೈಯನ್ನೇ ನೋಡುತ್ತಿತ್ತು.

"ನಿಲ್ಲಿಸ್ಬೇಡ ಕಣೇ!" ಮುಂದಿನ ಸಾಲಿನಲ್ಲಿ ಅಮ್ಮ ಎದ್ದು ನಿಂತಿದ್ದಳು. ಚಪ್ಪಾಳೆ ತಟ್ಟುತ್ತಾ ದೊಡ್ಡ ದನಿಯಲ್ಲಿ, "ತೈಯಾ ತೈ, ತೈಯಾ ತೈ" ಎಂದು ಶುರುಮಾಡಿದಳು. ಪಕ್ಕದವರು ತಟ್ಟಿದರು, ಆಮೇಲೆ ಪಾರ್ಕಿಗೆ ಪಾರ್ಕೇ ತಟ್ಟಿತು. ನಾನು ಕೈ ಎತ್ತಿದೆ. ನಾಯಿ ಎದ್ದು, ಮುಂಗಾಲು ನನ್ನ ಸೊಂಟಕ್ಕಿಟ್ಟು ನನ್ನ ಜೊತೆ ಒಂದು ಸುತ್ತು ಬಂತು.

ಮನೆಗೆ ಬರುವಾಗ ನಾಯಿಯ ಸರಪಳಿಯನ್ನು ಅಪ್ಪನೇ ಹಿಡಿದುಕೊಂಡರು. ಗೇಟಿನ ಹತ್ತಿರ ನನಗೆ ಮಾತ್ರ ಕೇಳುವಂತೆ, "ನಿಮ್ಮಮ್ಮನ ಗಂಟ್ಲು ಅಷ್ಟು ಗಟ್ಟಿ ಅಂತ ಇಷ್ಟು ವರ್ಷ ನಂಗೆ ಗೊತ್ತೇ ಆಗ್ಲಿಲ್ವಲ್ಲೇ," ಎಂದರು.

ಮರುವಾರ ಎದುರುಮನೆಯವರು ಮಗಳನ್ನು ಅಮ್ಮನ ಹತ್ತಿರ ಕರೆತಂದು, "ನಾಯಿಗೇ ಕಲಿಸಿದ್ದೀರ, ಇವಳಿಗೂ ಒಂಚೂರು ಹೇಳ್ಕೊಡಿ ಅಕ್ಕ," ಎಂದು ಕೇಳಿದರು. ಒಬ್ಬಳು ನಾಲ್ವರಾದರು, ನಾಲ್ವರು ಹತ್ತು ಜನರಾದರು. ಅಮ್ಮನ ಪಾಠ ವರ್ಷಗಟ್ಟಲೆ ನಡೆಯಿತು. ನಾಯಿ ಆ ಮಕ್ಕಳ ಮಧ್ಯೆಯೇ ಚಾಪೆಯ ಮೇಲೆ ಮಲಗಿ ಮಲಗಿ ಮುದಿಯಾಯಿತು.

ಹನ್ನೆರಡನೆಯ ವಯಸ್ಸಿನಲ್ಲಿ ಅದು ಸತ್ತ ದಿನ ಅಮ್ಮ ಪಾಠಕ್ಕೆ ರಜೆ ಹೇಳಿದಳು. ಮಕ್ಕಳು ಮನೆಗೆ ಹೋಗದೆ ಮೆಟ್ಟಿಲುಗಳ ಮೇಲೆ ಕೂತೇ ಇದ್ದರು. ಅಪ್ಪ ಹಾಲು ಕಾಯಿಸಿ ತಂದು ಒಬ್ಬೊಬ್ಬರ ಕೈಗೂ ಲೋಟ ಕೊಟ್ಟರು.