ಅಜ್ಜಿಯ ಕೈಗಿಂತ ಬೇಗ ಬರಬೇಕಾದ ಬೆಳಕು

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ ನಾನು ಬಿ.ಎ. ಪರೀಕ್ಷೆಯಲ್ಲಿ ತೇರ್ಗಡೆಯಾದೆ. ನಮ್ಮ ಮನೆತನದಲ್ಲಿ ಅಲ್ಲಿಯವರೆಗೆ ಯಾರೂ ಕನ್ನಡ ಶಾಲೆಯನ್ನು ದಾಟಿ ಮುಂದೆ ಹೋದವರಲ್ಲ. ಹಾನಗಲ್ಲಿನ ಶಾಲೆಯೊಂದರಲ್ಲಿ ನನಗೆ ಅಧ್ಯಾಪಕನ ಕೆಲಸ ದೊರೆತಾಗ ಮಾಸೂರಿನ ಸಮೀಪದ ನಮ್ಮ ಮನೆಯಲ್ಲಿ ಹೋಳಿಗೆ ಮಾಡಿದರು. ಹೊರಡುವ ಮೊದಲು ನನಗಿದ್ದ ಆಸೆ ಒಂದೇ. ನನ್ನನ್ನು ಸಾಕಿ ಬೆಳೆಸಿದ ಅಜ್ಜಿಯ ಮುಖ ಸ್ಪಷ್ಟವಾಗಿ ಕಾಣುವಂಥ ಒಂದು ಭಾವಚಿತ್ರವನ್ನು ಜೊತೆಗೆ ಒಯ್ಯಬೇಕು. ಅವಳ ಚಿತ್ರವನ್ನು ಅದುವರೆಗೆ ಯಾರೂ ತೆಗೆದಿರಲಿಲ್ಲ.

ಸವಣೂರಿನವನಾದ ನನ್ನ ಸಹಪಾಠಿಯ ಬಳಿ ಕ್ಯಾಮೆರಾ ಇತ್ತು. ಫಿಲ್ಮನ್ನು ತೊಳೆದು ಮುದ್ರಿಸುವುದನ್ನೂ ಅವನು ಕಲಿತಿದ್ದ. ಅವನನ್ನು ಕರೆಸಿ, ಅಂಗಳದ ಬಿಸಿಲಿನಲ್ಲಿ ಕುರ್ಚಿ ಹಾಕಿದೆ. ಅಜ್ಜಿ ಹೊಸ್ತಿಲು ದಾಟಲಿಲ್ಲ.

“ಬಿಸಲಾಗ ಕುಂತು ಮಾರಿ ತೋರ್ಸಾಕ ನಾನೇನು ಸಂತ್ಯಾಗಿನ ಎಮ್ಮೀನ?” ಎಂದಳು. “ತೆಗಿಯೂದಿದ್ರ ಒಳಗ ಬಂದು ತೆಗೀರಿ.”

ಒಳಗೆ ಎಂದರೆ ನಡುಮನೆ. ಅಲ್ಲಿ ಕಿಟಕಿಯಿರಲಿಲ್ಲ, ಹಗಲಿನಲ್ಲಿಯೂ ದೀಪ ಬೇಕಾಗುತ್ತಿತ್ತು. ಕಾಲೇಜಿನ ರಸಾಯನಶಾಸ್ತ್ರದ ಗುರುಗಳು ನನಗೆ ಕೊಟ್ಟಿದ್ದ ಮೆಗ್ನೀಸಿಯಂ ಪಟ್ಟಿಯ ತುಂಡೊಂದು ಪೆಟ್ಟಿಗೆಯಲ್ಲಿತ್ತು. ಅದನ್ನು ಇಕ್ಕಳದಲ್ಲಿ ಹಿಡಿದು ಹೊತ್ತಿಸಿದೆ. ಕಣ್ಣು ಕುಕ್ಕುವ ಬಿಳಿಯ ಬೆಳಕು ಕೆಲವು ಕ್ಷಣಗಳವರೆಗೆ ಉರಿದು ಆರಿತು.

ಎರಡು ದಿನಗಳ ನಂತರ ಗೆಳೆಯ ತಂದ ಚಿತ್ರದಲ್ಲಿ ಅಜ್ಜಿಯ ಮುಖವೇ ಇರಲಿಲ್ಲ. ಹಣೆಯವರೆಗೆ ಎತ್ತಿದ ಎರಡು ಕೈಗಳು ಮಾತ್ರ ಇದ್ದವು. ಸಂಜೆ ದೀಪ ಹಚ್ಚಿದೊಡನೆ ಕಣ್ಣು ಮುಚ್ಚಿ ಕೈ ಮುಗಿಯುವುದು ನಮ್ಮ ಮನೆಯ ಪದ್ಧತಿ. ನನ್ನ ಪಟ್ಟಿ ನಿಧಾನವಾಗಿ ಉರಿದುದರಿಂದ ಅಜ್ಜಿಗೆ ಅದಕ್ಕೆ ಸಾಕಷ್ಟು ಸಮಯ ದೊರೆತಿತ್ತು. ಕೈಯಲ್ಲಿ ಇಕ್ಕಳವಿಲ್ಲದಿದ್ದರೆ ನಾನೂ ಕೈ ಮುಗಿಯುತ್ತಿದ್ದೆನೆಂದು ತೋರುತ್ತದೆ.

“ಈ ಸಲ ಕೈ ಎತ್ತಬ್ಯಾಡ, ಆಯಿ,” ಎಂದು ಬೇಡಿಕೊಂಡೆ.

“ಬೆಳಕು ಬಂದ್ರ ಕೈ ಮುಗೀಬ್ಯಾಡಂತ ಕಾಲೇಜಿನ್ಯಾಗ ಕಲಿಸ್ಯಾರೇನೋ?”

ಅವಳನ್ನು ತಿದ್ದುವುದಕ್ಕಿಂತ ಬೆಳಕನ್ನು ತಿದ್ದುವುದೇ ಸುಲಭವೆಂದು ನಿಶ್ಚಯಿಸಿದೆವು. ಅವಳ ಕೈ ಮೇಲೇಳುವ ಮುನ್ನವೇ ಬಂದು ಹೋಗುವಂಥ ಬೆಳಕು ಬೇಕಾಗಿತ್ತು. ಪುಣೆಯಲ್ಲಿದ್ದ ಸೋದರಮಾವನಿಂದ ಗೆಳೆಯನಿಗೆ ಒಂದು ಫ್ಲ್ಯಾಶ್ ಬಲ್ಬು ದೊರೆತಿತ್ತು. ಅದು ಒಮ್ಮೆ ಮಿಂಚಿದರೆ ಮುಗಿಯಿತು, ಇನ್ನೊಂದು ಸಿಗುವಂತಿರಲಿಲ್ಲ. ಅದನ್ನು ಹೊತ್ತಿಸುವ ಉಪಕರಣ ನಮ್ಮಲ್ಲಿರಲಿಲ್ಲವಾದ್ದರಿಂದ ನಾವೇ ಮಾಡಿಕೊಳ್ಳಬೇಕಾಯಿತು.

ನಮ್ಮ ಮನೆಯ ಎರಡು ಸೆಲ್ಲಿನ ಬ್ಯಾಟರಿಯ ಗಾಜನ್ನೂ ಪುಟ್ಟ ಬಲ್ಬನ್ನೂ ತೆಗೆದುಹಾಕಿದೆ. ಶಿಗ್ಗಾವಿಯಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಬಸ್ಸೊಂದರ ಹಿಂದಿನ ದೀಪದ ಹೋಲ್ಡರನ್ನು ಬಲ್ಬಿನ ಸಮೇತ ಗೆಳೆಯ ಬೇಡಿ ತಂದ. ಫ್ಲ್ಯಾಶ್ ಬಲ್ಬಿನ ಬುಡ ಅದರಲ್ಲಿ ಸರಿಯಾಗಿ ಕುಳಿತಿತು. ಎರಡು ತಂತಿಗಳಿಂದ ಅದನ್ನು ಬ್ಯಾಟರಿಗೆ ಜೋಡಿಸಿದೆವು. ಬೆಳಕನ್ನು ಮುಂದಕ್ಕೆ ತಳ್ಳಲು ಹಿಂದೆ ಹೊಳೆಯುವ ತಟ್ಟೆಯೊಂದು ಬೇಕಿತ್ತು. ನನ್ನ ಅವ್ವ ಹಿತ್ತಾಳೆಯ ಪರಾತವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಬಂಗಾರದಂತೆ ಬೆಳಗಿಕೊಟ್ಟಳು.

“ಹೋಳಿಗಿ ಕಣಕ ನಾದೂ ಪರಾತ ಅದು,” ಎಂದು ಅಜ್ಜಿ ಎಚ್ಚರಿಸಿದಳು. “ತೂತು ಗೀತು ಮಾಡೀರಿ ಮತ್ತ.”

ತೂತು ಮಾಡದೆ, ಬೆನ್ನಿಗೆ ಮಣೆ ಕೊಟ್ಟು ನಿಲ್ಲಿಸಿದೆವು. ಇದ್ದ ಒಂದೇ ಫ್ಲ್ಯಾಶ್ ಬಲ್ಬನ್ನು ಪರೀಕ್ಷಿಸುವಂತಿರಲಿಲ್ಲ. ಬದಲಿಗೆ ಬಸ್ಸಿನ ಬಲ್ಬನ್ನೇ ಹಾಕಿ ಗುಂಡಿ ಒತ್ತಿದಾಗ ಅದು ಮಂದವಾಗಿ ಕೆಂಪಗಾಯಿತು. ತಂತಿಗಳು ಸರಿಯಾಗಿವೆಯೆಂದು ಅಷ್ಟರಿಂದಲೇ ಸಮಾಧಾನಪಟ್ಟುಕೊಂಡೆವು.

ಅಜ್ಜಿ ಇಳಕಲ್ ಸೀರೆಯುಟ್ಟು ಬಂದು ಕುಳಿತಳು. ಬಲ್ಬು ಮಿಂಚಿದೊಡನೆ ಚಿತ್ರ ಮೂಡಲೆಂದು ಗೆಳೆಯ ಕ್ಯಾಮೆರಾದ ಬಾಯಿಯನ್ನು ತೆರೆದಿಟ್ಟು, “ಹೂಂ, ಒತ್ತಪಾ,” ಎಂದ. ಒತ್ತಬೇಕೆಂದು ನೋಡಿದರೆ, ಅಜ್ಜಿ ಆಗಲೇ ಎದೆಯ ಹತ್ತಿರ ಕೈ ಜೋಡಿಸಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು. ಬರಲಿರುವ ಬೆಳಕಿಗೆ ಅವಳು ಮೊದಲೇ ಸಿದ್ಧಳಾಗಿದ್ದಳು. ನಾವು ಬೆಳಕಿನ ವೇಗವನ್ನು ಯೋಚಿಸಿದ್ದೆವೇ ಹೊರತು ಇದನ್ನು ಯೋಚಿಸಿರಲಿಲ್ಲ.

“ಕಣ್ಣು ತೆಗೀರಿ, ಆಯಿ,” ಎಂದ ಗೆಳೆಯ.

“ಮೊದಲ ಬೆಳಕು ಬರ್ಲಿ, ತೆಗೀತೇನಿ.”

“ನೀವು ತೆಗದ್ರ ಬೆಳಕು ಬರ್ತೈತ್ರಿ.”

“ಅದ್ಯಾವ ಊರಿನ ಬೆಳಕಪಾ, ನನ್ನ ಹಾದಿ ಕಾಯೂದು?”

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಗುಂಡಿಯ ಮೇಲೆ ಹೆಬ್ಬೆರಳನ್ನಿಟ್ಟು ಕಾದೆ. ಅಜ್ಜಿಯ ತಾಳ್ಮೆ ಎಂದೂ ಬಹಳ ಹೊತ್ತು ಬಾಳುವಂಥದ್ದಲ್ಲ. ಅವಳು ಎರಡೂ ಕಣ್ಣುಗಳನ್ನು ಅಗಲವಾಗಿ ತೆರೆದು, ನೇರವಾಗಿ ನನ್ನನ್ನೇ ನೋಡಿ, “ಬಂತೇನ?” ಎಂದಳು.

ಒತ್ತಿದೆ. ಇಡೀ ನಡುಮನೆ, ಜಂತಿಯ ಮೇಲಿನ ಮಸಿಯ ಸಮೇತ, ಒಮ್ಮೆ ಬೆಳ್ಳಗಾಯಿತು.

ಹಾನಗಲ್ಲಿಗೆ ಹೊರಡುವ ಮುನ್ನಾದಿನ ಗೆಳೆಯ ಚಿತ್ರವನ್ನು ತಂದ. ಅಜ್ಜಿಯ ಮುಖದ ಪ್ರತಿಯೊಂದು ಗೆರೆಯೂ ಅದರಲ್ಲಿತ್ತು. ಅರ್ಧ ತೆರೆದ ಬಾಯಿಯಲ್ಲಿ ಉಳಿದಿದ್ದ ಒಂದೇ ಹಲ್ಲೂ ಇತ್ತು. ಮುಗಿದ ಕೈಗಳು ಎದೆಯ ಹತ್ತಿರವೇ ಇದ್ದವು. ಅವಳು ಅದನ್ನು ದೀಪದ ಬಳಿ ಹಿಡಿದು ಬಹಳ ಹೊತ್ತು ನೋಡಿದಳು.

“ಇದರಾಗ ನಾನು ನಿನಗ ಕೈ ಮುಗದಂಗ ಕಾಣ್ತೈತಲ್ಲೋ,” ಎಂದಳು.

ಅಜ್ಜಿ ಚಿತ್ರವನ್ನು ನನ್ನ ಕೈಗಿತ್ತಳು.

“ಹೋಗ್ಲಿ ಬಿಡು. ನಾಳಿಂದ ಮಾಸ್ತರ ಆಗಾಕತ್ತಿ. ಒಂದು ಸಲ ಕೈ ಮುಗದ್ರ ಏನೂ ಆಗೂದಿಲ್ಲ.”